ಬಾಡಿಗೆಯವಳ ಸಮಾಚಾರ

ಫೆಬ್ರವರಿ 11

ಅಕ್ಕ,

ಮೊದಲು ಬಾಡಿಗೆಯವಳ ಸಮಾಚಾರ ಬರೆದುಬಿಡುತ್ತೇನೆ, ಇಲ್ಲದಿದ್ದರೆ ನೀನು ಮುಂದಕ್ಕೆ ಓದುವವಳಲ್ಲ. ಚೆನ್ನಾಗಿದ್ದಾಳೆ. ನಿನ್ನ ಹೊಟ್ಟೆಯಿಂದ ನನ್ನ ಹೊಟ್ಟೆಗೆ ಮನೆ ಬದಲಾಯಿಸಿ ಈ ತಿಂಗಳಿಗೆ ಒಂಬತ್ತು ವರ್ಷ. ಕಿಡ್ನಿ ಡಾಕ್ಟರು ರಕ್ತದ ರಿಪೋರ್ಟ್ ನೋಡಿ, "ನಿಮ್ಮಕ್ಕನ ಕಿಡ್ನಿ ನಿಮಗಿಂತ ಶಿಸ್ತಿನದು ಕಣ್ರೀ" ಅಂದರು. "ಅದು ಮಗ್ಗದ ಶೆಡ್ಡಲ್ಲಿ ಬೆಳೆದಿದ್ದು ಸಾರ್, ಪಾಳಿ ತಪ್ಪಿಸಿ ಗೊತ್ತಿಲ್ಲ" ಅಂದೆ.

ಒಂದು ಮೆಸೇಜ್ ಹಾಕಿದರೆ ಮುಗಿಯುವುದಕ್ಕೆ ಯಾಕೆ ಕಾಗದ ಬರೆಯುತ್ತೀರಿ ಎಂದು ಮನೆಯವಳು ಕೇಳುತ್ತಾಳೆ. ಅಚ್ಚಿನ ಅಕ್ಷರದಲ್ಲಿ ನಾನು ಸುಳ್ಳು ಹೇಳಿದರೆ ನಿನಗೆ ಗೊತ್ತಾಗುವುದಿಲ್ಲವಂತೆ ಎಂದು ಹೇಳಿದೆ. ಫೋನಿನ ಮಾತೇ ಬೇಡ. ನಿನಗೆ ಕೇಳಿಸುವುದಿಲ್ಲ, ಕೇಳಿಸದೆಯೇ ಬೈಯುತ್ತೀಯ.

ಇಲ್ಲಿ ಹೊಸ ಹೆದ್ದಾರಿಗೆ ಬಿಳಿ ಗೆರೆ ಎಳೆಯುತ್ತಿದ್ದೇವೆ. ಮುಂದೆ ಉದ್ದಣ್ಣ ಮೆಷಿನ್ ತಳ್ಳಿಕೊಂಡು ಹೋಗುತ್ತಾನೆ. ಕಡಾಯಿಯಲ್ಲಿ ಕರಗಿದ ಬಣ್ಣ ಡಾಂಬರಿನ ಮೇಲೆ ಬೀಳುತ್ತದೆ. ಅದು ಆರುವುದರೊಳಗೆ ಹಿಂದಿನಿಂದ ನಾನು ಗಾಜಿನ ಮಣಿ ಎರಚಿಕೊಂಡು ಹೋಗಬೇಕು. ಮರಳಿನಷ್ಟು ಸಣ್ಣ ಮಣಿ. ಕತ್ತಲಲ್ಲಿ ಗಾಡಿಗಳ ಬೆಳಕಿಗೆ ಗೆರೆ ಹೊಳೆಯುವುದು ಆ ಮಣಿಯಿಂದಲೇ. ಗಾಳಿ ಎದುರಾದರೆ ಅರ್ಧ ರಸ್ತೆಗೆ, ಅರ್ಧ ನಮ್ಮ ಮುಖಕ್ಕೆ. ಚರ್ಮದೊಳಗೆ ಕೂತುಬಿಡುತ್ತವೆ. ಊಟದ ಹೊತ್ತಿಗೆ ಒಬ್ಬರ ಮುಖ ಒಬ್ಬರು ಹಿಡಿದುಕೊಂಡು ಸೂಜಿಯಲ್ಲಿ ಮಣಿ ತೆಗೆಯುವುದು ನಮ್ಮ ಗ್ಯಾಂಗಿನ ನಿತ್ಯದ ಕೆಲಸ. ದಾರಿಯಲ್ಲಿ ಹೋಗುವವರು ಹೇನು ಹೆಕ್ಕುತ್ತಿದ್ದಾರೆ ಅಂದುಕೊಳ್ಳಬೇಕು. ನನ್ನ ಎಡಗಿವಿಯ ಮುಂದೆ ಒಂದು ಹಠಮಾರಿ ಮಣಿ ಕೂತಿದೆ. ಅದರ ಮೇಲಿನ ಚರ್ಮ ಕೆಂಪಗೆ, ಸ್ವಲ್ಪ ನೇರಳೆ ಬಣ್ಣಕ್ಕೆ ಉಬ್ಬಿದೆ. ಉದ್ದಣ್ಣ ಎರಡು ಸಲ ಸೂಜಿ ಹಾಕಿದ. ರಕ್ತ ಬಂತು, ಮಣಿ ಬರಲಿಲ್ಲ. ನೋವಿಲ್ಲ, ಬಿಡು.

ನೆರಳಿನ ಕೆಲಸಕ್ಕೆ ಹಾಕಿ ಎಂದು ಗುತ್ತಿಗೆದಾರನನ್ನು ಮತ್ತೆ ಕೇಳಿದೆ. ಬಾಡಿಗೆಯವಳನ್ನು ಉಳಿಸುವ ಗುಳಿಗೆ ತಿನ್ನುವವರು ಬಿಸಿಲಿಗೆ ಬೀಳಬಾರದು, ಚರ್ಮಕ್ಕೆ ಕೆಡುಕು ಎಂದು ಡಾಕ್ಟರು ಬರೆದುಕೊಟ್ಟ ಚೀಟಿಯನ್ನೂ ತೋರಿಸಿದೆ. "ರಸ್ತೆಗೆ ಚಾವಣಿ ಹಾಕಿಸ್ಲಾ?" ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ.

ನಿನ್ನ ಕಿವಿಯ ವಿಚಾರಣೆ ಏನಾಯಿತು?

ನಿನ್ನ ತಮ್ಮ


ಫೆಬ್ರವರಿ 24

ಲೇ ತಮ್ಮಾ,

ನೀನೂ ನಕ್ಕೆಯಾ? ಯಾಕೆ ನಕ್ಕೆ? ಅವನು ತಮಾಷೆ ಮಾಡಿದ್ದು ನಿನ್ನ ಚರ್ಮದ ಮೇಲೆ. ಸುಡುವುದು ನಿನ್ನ ಮೈ, ದುಡಿಮೆ ನಿನ್ನದು, ಮೇಲೆ ನಗುವನ್ನೂ ನೀನೇ ಕೊಡಬೇಕಾ ಅವನಿಗೆ? ದಣಿ ಜೋಕು ಹೇಳಿದಾಗ ಮುಖ ಗಂಟು ಹಾಕಿಕೊಂಡು ನಿಲ್ಲುವುದೇ ಸಂಘಟನೆಯ ಮೊದಲ ಪಾಠ ಎಂದು ನಾನು ಎಷ್ಟು ಸಲ ಹೇಳಿದ್ದೇನೆ. ಚಾವಣಿ ಹಾಕಿಸ್ಲಾ ಅಂದರೆ, ಹಾಕಿಸಿ ಅನ್ನಬೇಕಿತ್ತು. ಗ್ಯಾಂಗಿನವರೆಲ್ಲ ಒಟ್ಟಿಗೆ ಅನ್ನಬೇಕಿತ್ತು. ಬಣ್ಣದ ಚೀಲಕ್ಕೆ ಟಾರ್ಪಾಲು ಹೊದಿಸುತ್ತಾರೆ, ಬಿಸಿಲಿಗೆ ಕೆಡುವ ಮಾಲು ಅಂತ. ನೀವು ಕೆಡುವ ಮಾಲಲ್ಲವಾ? ಚೀಲಕ್ಕಿರುವ ನೆರಳು ಚೀಲ ಹೊರುವವನಿಗಿಲ್ಲ. ಇದನ್ನು ಕೇಳಿ ನಗುವವರನ್ನು ಕಂಡರೆ ನನಗೆ ದಣಿಗಿಂತ ಹೆಚ್ಚು ಸಿಟ್ಟು ಬರುತ್ತದೆ.

ನನ್ನ ವಿಚಾರಣೆ ಕೇಳಿದ್ದೀಯ. ಮೂವತ್ತು ವರ್ಷ ಮಗ್ಗದ ಸದ್ದಿನಲ್ಲಿ ನಿಂತು ಹೋದ ಕಿವಿ ಇದು. "ವಯಸ್ಸಾದ್ಮೇಲೆ ಎಲ್ರಿಗೂ ಕಿವಿ ಮಂದ ಆಗುತ್ತೆ ಅಲ್ವೇನಮ್ಮ" ಎಂದು ಮಾಲೀಕರ ವಕೀಲ ನಯವಾಗಿ ಕೇಳಿದನಂತೆ. ನನಗೆ ಕೇಳಿಸಲಿಲ್ಲ. "ಏನು?" ಅಂದೆ. ಮತ್ತೆ ನಯವಾಗಿ ಕೇಳಿದ. "ಏನು?" ಅಂದೆ. ಕೊನೆಗೆ ಅವನು ಕಿರುಚಿದ. "ನೋಡಿ ಸ್ವಾಮಿ, ಇವರೇ ನನ್ನ ಸಾಕ್ಷಿ" ಎಂದು ಅಧಿಕಾರಿಗೆ ಹೇಳಿದೆ. ವಿಚಾರಣೆ ಮುಂದಕ್ಕೆ ಹೋಗಿದೆ.

ಆ ಮಣಿಯ ವಿಷಯ. ನೋವಿಲ್ಲ ಬಿಡು ಎಂದು ಬರೆದಿದ್ದೀಯ. ನೋಯದೇ ಇರುವುದನ್ನು ನಂಬಬೇಡ. ನನ್ನ ಕಿವಿ ಹೋಗುವಾಗ ಒಂದು ದಿನವೂ ನೋಯಲಿಲ್ಲ. ಉದ್ದಣ್ಣನ ಸೂಜಿ ಸಾಕು, ಡಾಕ್ಟರಿಗೆ ತೋರಿಸು.

ಅಕ್ಕ


ಏಪ್ರಿಲ್ 9

ಅಕ್ಕ,

ಬಾಡಿಗೆಯವಳು ಚೆನ್ನಾಗಿದ್ದಾಳೆ.

ಕಾಗದ ತಡವಾಯಿತು. ಆ ಮಣಿ ತೆಗೆಸಿದೆ. ಒಳಗೆ ಗಾಜು ಇರಲಿಲ್ಲವಂತೆ, ಏನೋ ಗಂಟು. ಕಾಳಿನಷ್ಟಿದ್ದದ್ದು ನೋಡನೋಡುತ್ತ ಗೋಲಿಯಷ್ಟಾಯಿತು. ಮನೆಯವಳು ಎಳೆದುಕೊಂಡು ಹೋದಳು. ಸುತ್ತ ಸ್ವಲ್ಪ ಜಾಸ್ತಿಯೇ ಕತ್ತರಿಸಿ, ತೊಡೆಯ ಚರ್ಮ ತೆಗೆದು ಅಲ್ಲಿ ಹೊಲಿದಿದ್ದಾರೆ. ಉದ್ದಣ್ಣ ನೋಡಿ, "ಇನ್ಮೇಲೆ ಯಾರಾದ್ರೂ ನಿನ್ನ ಕೆನ್ನೆಗೆ ಹೊಡೆದ್ರೆ ತೊಡೆ ಉಜ್ಕೊಳ್ತೀಯಾ?" ಎಂದು ಕೇಳಿದ. ಕೇಳಿ, ಪಕ್ಕಕ್ಕೆ ತಿರುಗಿ ನಿಂತ. ತನ್ನ ಸೂಜಿಯಿಂದಲೇ ಹೀಗಾಯಿತು ಅಂದುಕೊಂಡಿದ್ದಾನೆ ಪಾಪ. ಹಾಗೇನಿಲ್ಲವಂತೆ. ಕುತ್ತಿಗೆಯಲ್ಲೂ ಒಂದು ಸಣ್ಣ ಗೀರು ಹಾಕಿದ್ದಾರೆ, ಪರೀಕ್ಷೆಗೆ.

ಗುಳಿಗೆ ಈಗ ಕಡಿಮೆಯಾಗಿದೆ. ಒಂದು ನಿಂತಿದೆ, ಇನ್ನೊಂದು ಅರ್ಧ.

ಬೇರೆ ವಿಶೇಷವಿಲ್ಲ. ಬಿಸಿಲು ಜೋರು.

ನಿನ್ನ ತಮ್ಮ


ಏಪ್ರಿಲ್ 18

ತಮ್ಮಾ,

ಗುಳಿಗೆ ಕಡಿಮೆಯಾಗಿದೆ ಅಂದರೆ ಏನರ್ಥ? ಗುಳಿಗೆ ತಾನಾಗಿ ಕಡಿಮೆಯಾಗುತ್ತದಾ? ಒಂದು ಹೊತ್ತೂ ತಪ್ಪಿಸಬೇಡಿ ಎಂದು ಒಂಬತ್ತು ವರ್ಷ ಹೆದರಿಸಿದ ಡಾಕ್ಟರು, ಕೆನ್ನೆಯ ಮೇಲಿನ ಒಂದು ಗಂಟು ತೆಗೆದದ್ದಕ್ಕೆ ಅರ್ಧ ಮಾಡಿಬಿಡುತ್ತಾರಾ? ನನಗೆ ಇಲ್ಲದಿರುವುದು ಕಿವಿ. ಬುದ್ಧಿ ಇದೆ.

ನಮ್ಮ ಶೆಡ್ಡಿನಲ್ಲಿ ನೂಲು ಸುತ್ತುವವಳ ಗಂಡ ಹೀಗೇ ಶುರು ಮಾಡಿದ. ಚೆನ್ನಾಗೇ ಇದ್ದೀನಲ್ಲ, ಯಾಕೆ ತಿನ್ನಲಿ ಎಂದು ಒಂದೊಂದೇ ಬಿಟ್ಟ. ಅವನಿಗೆ ಕಿಡ್ನಿ ಕೊಟ್ಟದ್ದು ಅವನ ತಾಯಿ. ವರ್ಷ ತುಂಬುವುದರೊಳಗೆ ಅದು ಕೆಟ್ಟುಹೋಯಿತು. ಆ ಮುದುಕಿ ಈಗಲೂ ಹೊಲಿಗೆಯ ಗುರುತು ಮುಟ್ಟಿಕೊಂಡು, "ಯಾತಕ್ಕೆ ತೆಗೆದ್ರೋ" ಅನ್ನುತ್ತಾಳೆ.

ನನ್ನ ಗುರುತೂ ಚಳಿಗೆ ಹಿಡಿದುಕೊಳ್ಳುತ್ತದೆ. ನಿನಗೆ ಹೇಳಿರಲಿಲ್ಲ, ಈಗ ಹೇಳುತ್ತೇನೆ. ಭಾರ ಎತ್ತಬೇಡಿ ಅಂದಿದ್ದರು. ಮಾರನೇ ವರ್ಷದಿಂದಲೇ ನೂಲಿನ ಉರುಳೆ ಎತ್ತುತ್ತಿದ್ದೇನೆ. ಎತ್ತುವಾಗಲೆಲ್ಲ, ಹೋಗಲಿ ಅವನು ಚೆನ್ನಾಗಿದ್ದಾನೆ ಅಂದುಕೊಂಡು ಎತ್ತುತ್ತೇನೆ. ನೀನು ಅಲ್ಲಿ ಕೂತು ಗುಳಿಗೆ ಅರ್ಧ ಮಾಡಿಕೊಂಡು ವಿಶೇಷವಿಲ್ಲ ಎಂದು ಬರೆಯುತ್ತೀಯ. ನನ್ನ ಮೈಯ ತುಂಡನ್ನು ಕಸದ ಬುಟ್ಟಿಗೆ ಹಾಕುವ ಹಕ್ಕು ನಿನಗಿಲ್ಲ. ಅದು ನನ್ನದು. ನೋಡಿಕೊಳ್ಳೋಕೆ ನಿನ್ನ ಕೈಗೆ ಕೊಟ್ಟಿದ್ದೇನೆ, ಅಷ್ಟೇ.

ಪೂರ್ತಿ ಗುಳಿಗೆ ತಿನ್ನುತ್ತಿದ್ದೇನೆ ಎಂದು ಬರೆ. ಆಮೇಲೆ ಮಿಕ್ಕ ಮಾತು.

ಅಕ್ಕ


ಮೇ 30

ಅಕ್ಕ,

ಬಾಡಿಗೆಯವಳು ಚೆನ್ನಾಗಿದ್ದಾಳೆ. ಗುಳಿಗೆ ಮೊದಲಿನಂತೆ ಪೂರ್ತಿ ತೆಗೆದುಕೊಳ್ಳುತ್ತಿದ್ದೇನೆ. ನಿನ್ನ ಕಾಗದ ಬಂದ ದಿನದಿಂದಲೇ.

ಗಾಯ ಮಾಗಿದೆ. ಎಡಗೆನ್ನೆಯಲ್ಲಿ ಗಡ್ಡ ಬರುವುದು ನಿಂತಿದೆ, ಅರ್ಧ ಬ್ಲೇಡು ಉಳಿಯಿತು. ಬಾಯಿ ಒಣಗುತ್ತದೆ. ಏನು ತಿಂದರೂ ರಟ್ಟು ತಿಂದ ಹಾಗೆ. ಕಡಾಯಿಯ ಹೊಗೆ ಇರಬೇಕು.

ಭಾರ ಎತ್ತಬೇಡ ಅಕ್ಕ.

ನಿನ್ನ ತಮ್ಮ


ಜೂನ್ 8

ತಮ್ಮಾ,

ಈಗ ಜೀವ ತಣ್ಣಗಾಯಿತು. ಬೈದದ್ದು ಒಳ್ಳೆಯದೇ ಆಯಿತು ನೋಡು. ನಿನಗೆ ಬುದ್ಧಿ ಮಾತು ಹತ್ತುವುದಿಲ್ಲ, ಬೈಗುಳ ಹತ್ತುತ್ತದೆ. ಚಿಕ್ಕವನಿದ್ದಾಗಲೂ ಹೀಗೇ, ಕಿವಿ ಹಿಂಡಿದ ಮೇಲೆಯೇ ಹಾಲು ಕುಡಿಯುತ್ತಿದ್ದೆ.

ಆದರೆ ನಿನ್ನ ಕಾಗದ ನನಗೆ ಹಿಡಿಸಲಿಲ್ಲ. ಇಷ್ಟು ಚಿಕ್ಕದು ನೀನು ಬರೆದವನಲ್ಲ. ಅಕ್ಷರ ನೆಟ್ಟಗೆ ಸಾಲಾಗಿ ನಿಂತಿದೆ, ಯಾವುದರಿಂದಲೋ ನೋಡಿ ನಕಲು ಮಾಡಿದ ಹಾಗೆ. ನಾನು ಬೈದದ್ದಕ್ಕೆ ಮುನಿಸಾ? ಮುನಿಸಿಕೋ, ಪರವಾಗಿಲ್ಲ. ಗುಳಿಗೆ ಮಾತ್ರ ಬಿಡಬೇಡ.

ಗಡ್ಡ ಯಾಕೆ ಬರುವುದಿಲ್ಲ? ಹೊಗೆಗೆ ಗಡ್ಡ ಉದುರಿದ್ದನ್ನು ನಾನು ಕೇಳಿಲ್ಲ. ಹಾಗಿದ್ದರೆ ಉದ್ದಣ್ಣನ ಗಡ್ಡವೂ ಉದುರಬೇಕಲ್ಲ. ಒಂದು ಫೋಟೋ ಕಳಿಸು.

ಚಾವಣಿಯ ವಿಷಯ ಏನು ಮಾಡಿದಿರಿ?

ಅಕ್ಕ


ಜುಲೈ 19

ಅಕ್ಕ,

ಫೋಟೋ ಕಳಿಸುತ್ತಿಲ್ಲ. ಬದಲಿಗೆ ನಿಜ ಬರೆಯುತ್ತೇನೆ. ನಾನು ಬರೆಯದಿದ್ದರೆ ತಾನೇ ಬರೆಯುತ್ತೇನೆಂದು ಮನೆಯವಳು ಹಾಳೆ ಪೆನ್ನು ಹಿಡಿದುಕೊಂಡು ಎದುರಿಗೇ ಕೂತಿದ್ದಾಳೆ.

ಅದು ಮಣಿಯಾಗಿರಲಿಲ್ಲ. ಚರ್ಮದ ಕ್ಯಾನ್ಸರು. ಮರ್ಕೆಲ್ ಸೆಲ್ ಕಾರ್ಸಿನೋಮ ಎಂದು ಹೆಸರು. ಬರುವುದೇ ಅಪರೂಪವಂತೆ, ಬಂದರೆ ಓಟವೇ ಓಟ. ಮುಟ್ಟಿದ್ದನ್ನು ಮೈಗೆ ತಿಳಿಸುವ ಕೋಶಗಳ ಹೆಸರು ಇದಕ್ಕೆ ಇಟ್ಟಿದ್ದಾರೆ. ಇದು ಬಂದದ್ದು ಮಾತ್ರ ನನ್ನ ಮೈಗೆ ತಿಳಿಯಲಿಲ್ಲ. ಕುತ್ತಿಗೆಯ ಗೀರಿನಲ್ಲಿ ತೆಗೆದ ಗ್ರಂಥಿಯಲ್ಲೂ ಅದು ಸಿಕ್ಕಿತು. ಅದಕ್ಕೇ ಕೆನ್ನೆಗೆ, ಕುತ್ತಿಗೆಗೆ ವಿಕಿರಣ ಕೊಟ್ಟರು. ಗಡ್ಡ ಹೋದದ್ದು ಅದರಿಂದ. ಬಾಯಿ ಒಣಗಿದ್ದೂ ಅದರಿಂದ.

ಗುಳಿಗೆ ಅರ್ಧ ಮಾಡಿದ್ದು ಡಾಕ್ಟರೇ. ನನಗೆ ತಿಳಿದ ಮಟ್ಟಿಗೆ ಹೇಳುತ್ತೇನೆ. ಮೈಯಲ್ಲಿ ಕಾವಲುಗಾರರು ಇರುತ್ತಾರೆ. ಬಾಡಿಗೆಯವಳನ್ನು ಹೊರಗಿನವಳೆಂದು ಹೊಡೆದು ಓಡಿಸಬಾರದಲ್ಲ, ಅದಕ್ಕೆ ಅವರನ್ನು ಗುಳಿಗೆ ಕೊಟ್ಟು ಮಂಪರಿನಲ್ಲಿ ಇಟ್ಟಿದ್ದೇವೆ. ಅವರು ತೂಕಡಿಸುವಾಗ ಇದು ನುಗ್ಗಿತು. ಬಿಸಿಲು ಬಾಗಿಲು ತೆರೆದುಕೊಟ್ಟಿತು. ಕಾವಲುಗಾರರು ಸ್ವಲ್ಪವಾದರೂ ಏಳಲಿ ಎಂದು ಗುಳಿಗೆ ಇಳಿಸಿದರು. ಆಮೇಲೆ ನಾನು ಪೂರ್ತಿ ತಿನ್ನತೊಡಗಿದೆ, ಡಾಕ್ಟರಿಗೆ ಹೇಳದೆ. ಗುಳಿಗೆಯ ಹಾಳೆ ಬೇಗ ಬೇಗ ಮುಗಿಯುವುದನ್ನು ನೋಡಿ ಮನೆಯವಳು ಹಿಡಿದಳು. ಅದರಿಂದಲೇ ರೋಗ ಮುಂದೆ ಹೋಯಿತಾ ಎಂದು ಅವಳು ಕೇಳಿದಳು. ಹಾಗೆ ಹೇಳಲಾಗುವುದಿಲ್ಲ, ಈ ರೋಗದ ನಡಿಗೆಯೇ ಹೀಗೆ ಅಂದರು. ಇದನ್ನು ಎರಡು ಸಲ ಓದು ಅಕ್ಕ, ಸುಮ್ಮನೆ ತಲೆ ಚಚ್ಚಿಕೊಳ್ಳಬೇಡ.

ಈಗ ಎದೆಗೂಡಿನಲ್ಲಿ ಎರಡು ಗಂಟು ಕಂಡಿವೆ. ಇನ್ನು ಕತ್ತರಿಸುವುದರಿಂದ ಆಗುವ ಕೆಲಸವಲ್ಲ. ಹೊಸ ಔಷಧಿಯೊಂದಿದೆ, ಡ್ರಿಪ್ ಹಾಕುತ್ತಾರೆ. ಅದು ಗಂಟನ್ನು ಸುಡುವ ಔಷಧಿಯಲ್ಲ, ಕಾವಲುಗಾರರ ಕಟ್ಟು ಬಿಚ್ಚಿ ಎಬ್ಬಿಸುವ ಔಷಧಿ. ಎದ್ದವರು ಗಂಟಿನ ಮೇಲೆ ಬೀಳಬಹುದು. ಬಾಡಿಗೆಯವಳ ಮೇಲೂ ಬೀಳಬಹುದು. ಅವಳು ಉಳಿಯುವುದು, ಹೋಗುವುದು ಎರಡೂ ಒಂದೇ ತೂಕ ಎಂದು ಕಿಡ್ನಿ ಡಾಕ್ಟರು ಹೇಳಿದರು. ಹಳೆಯ ಬಗೆಯ ಕೀಮೋ ಕೊಟ್ಟರೆ ಅವಳಿಗೆ ಅಷ್ಟು ಭಯವಿಲ್ಲ, ಆದರೆ ಗಂಟು ಸ್ವಲ್ಪ ಕಾಲ ಕುಗ್ಗಿ ಮತ್ತೆ ಬರುತ್ತದೆ ಎಂದು ಗಡ್ಡೆ ಡಾಕ್ಟರು ಹೇಳಿದರು. ಆಕೆಗೆ ಸುತ್ತು ಬಳಸಿ ಮಾತಾಡಲು ಬರುವುದಿಲ್ಲ, ನಿನ್ನ ಹಾಗೆ. ಡ್ರಿಪ್ಪಿಗೆ ಒಪ್ಪಿಗೆಯ ಕಾಗದ ಮುಂದಿಟ್ಟು, "ಸಹಿ ಹಾಕಿ" ಅಂದರು.

"ಆಗಲ್ಲ ಮೇಡಂ. ಅದು ನನ್ನದಲ್ಲ."

"ನಿಮ್ಮ ಹೊಟ್ಟೇಲಿದೆ. ಒಂಬತ್ತು ವರ್ಷದಿಂದ ಇದೆ. ನಿಮ್ಮದಲ್ದೆ ಇನ್ಯಾರದ್ದು?"

"ನೋಡಿಕೊಳ್ಳೋಕೆ ಕೊಟ್ಟಿದ್ದಾರೆ."

"ಯಾರು ಹಾಗಂದವರು?"

ನಾನು ಹೇಳಲಿಲ್ಲ. ಹತ್ತು ದಿನ ಯೋಚನೆ ಮಾಡಿ ಅಂದರು. ಅದಕ್ಕಿಂತ ಹೆಚ್ಚು ಕಾಯುವ ರೋಗವಲ್ಲ ಇದು ಎಂದೂ ಅಂದರು.

ನಾನು ಯೋಚಿಸಿಯಾಯಿತು. ಕೀಮೋ ಸಾಕು. ಮೈ ಕುಯ್ಯಿಸಿಕೊಂಡು ಕೊಟ್ಟದ್ದನ್ನು ಕಳೆದುಕೊಂಡು ನಿನಗೆ ಮುಖ ತೋರಿಸಲು ನನಗೆ ಆಗುವುದಿಲ್ಲ. ಬಾಡಿಗೆಯವಳನ್ನು ಇದ್ದ ಹಾಗೇ ಇಟ್ಟುಕೊಂಡು ಹೋಗುತ್ತೇನೆ. ಬೈಯಬೇಡ.

ಚಾವಣಿಯ ವಿಷಯ ನೀನು ಕೇಳಿದ್ದೆ. ಆಪರೇಷನ್ ದಿನವೇ ಗುತ್ತಿಗೆದಾರ ಹಾಜರಿ ಪುಸ್ತಕದಿಂದ ನನ್ನ ಹೆಸರು ಹೊಡೆದು ಹಾಕಿದ. ಆಮೇಲೆ ಉದ್ದಣ್ಣ ಮತ್ತು ಹುಡುಗರು ಹಳೆಯ ಬೋರ್ಡುಗಳ ಕಂಬಕ್ಕೆ ಗಾಲಿ ಕಟ್ಟಿ, ಮೇಲೆ ಟಾರ್ಪಾಲು ಹಾಕಿ, ಮೆಷಿನ್ ಜೊತೆಗೇ ಎಳೆದುಕೊಂಡು ಹೋಗತೊಡಗಿದರು. ನಿಧಾನವಾಗುತ್ತದೆ ಎಂದು ಗುತ್ತಿಗೆದಾರ ಬಿಚ್ಚಿಸಿದ. ಬಿಚ್ಚಿದ ಜಾಗದಲ್ಲೇ ಎಲ್ಲರೂ ಕೂತರು. ಕಡಾಯಿಯಲ್ಲಿ ಬಣ್ಣ ಗಟ್ಟಿಯಾಯಿತು. ಮತ್ತೆ ಕಟ್ಟಲು ಬಿಟ್ಟ. ಯಾರೂ ನಗಲಿಲ್ಲವಂತೆ ಅಕ್ಕ. ನಿನಗೆ ಹೇಳು ಎಂದು ಉದ್ದಣ್ಣ ಹೇಳಿದ.

ನಿನ್ನ ತಮ್ಮ


ಜುಲೈ 24

ತಮ್ಮಾ,

ಕಾಗದ ಬಂದಕೂಡಲೇ ಪಕ್ಕದ ಮಗ್ಗದವಳ ಕೈಲಿ ಫೋನ್ ಮಾಡಿಸಿದೆ. ನೀನು ಎತ್ತಲಿಲ್ಲ. ಎತ್ತಿದ ನಿನ್ನ ಹೆಂಡತಿ ಅತ್ತಳಂತೆ. ಅಳುವುದನ್ನು ಇನ್ನೊಬ್ಬರು ಕೇಳಿ ನನಗೆ ಹೇಳಬೇಕಾಯಿತು. ಆ ಮಾಲೀಕನ ಮೇಲೆ ಇವತ್ತು ಬಂದಷ್ಟು ಸಿಟ್ಟು ಎಂದೂ ಬಂದಿರಲಿಲ್ಲ.

ಈಗ ಓದು. ನಿಂತುಕೊಂಡು ಓದು.

ನನ್ನ ಕಿವಿ ಮಾಲೀಕ ತೆಗೆದುಕೊಂಡ. ಕೇಳಲಿಲ್ಲ, ಹೇಳಲಿಲ್ಲ, ದಿನಾ ಇಷ್ಟಿಷ್ಟೇ ಕಿತ್ತುಕೊಂಡ. ನಿನ್ನ ಚರ್ಮವನ್ನು ಗುತ್ತಿಗೆದಾರ ಹಾಗೇ ತೆಗೆದುಕೊಂಡ, ಜೋಕು ಹೇಳಿಕೊಂಡು. ಅದಕ್ಕೆಲ್ಲ ನಾನು ಲೆಕ್ಕ ಕೇಳುತ್ತೇನೆ, ಸಾಯುವ ತನಕ ಕೇಳುತ್ತೇನೆ. ಕಿಡ್ನಿ ಹಾಗೆ ಹೋದದ್ದಲ್ಲ. ನನ್ನ ಈ ಮೈಯಿಂದ ಯಾರೂ ಕಿತ್ತುಕೊಳ್ಳದೆ ನಾನಾಗಿ ಕೊಟ್ಟದ್ದು ಅದೊಂದೇ. ಅದನ್ನೂ ನೀನು ಸಾಲ ಮಾಡಿಟ್ಟಿದ್ದೀಯಲ್ಲ. ನನ್ನನ್ನೂ ಒಬ್ಬ ಮಾಲೀಕಳನ್ನಾಗಿ ಮಾಡಿದೆಯಲ್ಲ. ನನ್ನ ಆಸ್ತಿ ಕಾಯುತ್ತ ಸಾಯುತ್ತೀಯಾ? ಯಾವ ಪಾಳೆಗಾರನ ಮನೆಯ ಜೀತ ಇದು?

ನೋಡಿಕೊಳ್ಳೋಕೆ ಕೊಟ್ಟಿದ್ದೇನೆ, ಅದು ನನ್ನದು ಎಂದು ಬರೆದವಳು ನಾನೇ. ಡಾಕ್ಟರು ಕೇಳಿದಾಗ ನನ್ನ ಹೆಸರು ಹೇಳಬೇಕಿತ್ತು. ನಮ್ಮಕ್ಕ ಹೇಳಿದಳು, ಅವಳಿಗೆ ತಲೆ ಸರಿ ಇರಲಿಲ್ಲ ಅನ್ನಬೇಕಿತ್ತು. ನಿನ್ನ ಕಾಗದವನ್ನು ಎರಡು ಸಲ ಓದು ಅಂದೆಯಲ್ಲ. ಎರಡಲ್ಲ, ಬಸ್ಸಿನ ಟಿಕೆಟ್ಟಿಗೆ ಸಾಲಿನಲ್ಲಿ ನಿಂತಷ್ಟು ಹೊತ್ತೂ ಓದಿದೆ. ನಾನು ಬೈದದ್ದು ನಿನ್ನ ಮೈಗೆ ಎಷ್ಟು ಹೋಯಿತು ಎಂದು ಯಾವ ಡಾಕ್ಟರೂ ಅಳೆದು ಹೇಳಲಾರರು. ಅದು ನನಗಿರಲಿ. ನೀನು ಹೊರಬೇಡ.

ಬಾಡಿಗೆಯವಳು ಹೋದರೆ ಹೋಗಲಿ. ವಾರಕ್ಕೆ ಮೂರು ದಿನ ಮೆಷಿನ್ ಪಕ್ಕದ ಕುರ್ಚಿಯಲ್ಲಿ ಕೂರಬೇಕು, ನೀರು ಅಳೆದು ಕುಡಿಯಬೇಕು. ಮೊದಲು ಕೂತಿದ್ದೆಯಲ್ಲ, ಮತ್ತೆ ಕೂರು. ಕೂರುವುದಕ್ಕೆ ನೀನು ಇರಬೇಕು. ಅಷ್ಟೇ ನನ್ನ ಬೇಡಿಕೆ, ಇದರಲ್ಲಿ ಚೌಕಾಸಿ ಇಲ್ಲ.

ಎರಡನೇ ಹಾಳೆ ಡಾಕ್ಟರಮ್ಮನಿಗೆ. ಅದರಲ್ಲಿ ಒಂದೇ ಸಾಲಿದೆ: ಕೊಟ್ಟವಳು ನಾನು, ಕೊಟ್ಟದ್ದು ಅವನದು. ಇದು ಕೈಗೆ ಸಿಕ್ಕ ದಿನವೇ ತೆಗೆದುಕೊಂಡು ಹೋಗಿ ಸಹಿ ಹಾಕು. ನೀನು ಹೋಗಲಿಲ್ಲವೆಂದರೆ ಅದರ ಮಾರನೇ ದಿನ ನಾನೇ ಅಲ್ಲಿರುತ್ತೇನೆ. ಹೋದರೂ ಇರುತ್ತೇನೆ. ರಜೆ ಕೇಳಿಲ್ಲ, ಬರುತ್ತಿದ್ದೇನೆಂದು ಹೇಳಿದ್ದೇನೆ.

ಇನ್ನು ಮುಂದೆ ಕಾಗದದಲ್ಲಿ ಮೊದಲು ನಿನ್ನ ಸಮಾಚಾರ ಬರೆ. ಅವಳದ್ದು ಬೇಕಾದರೆ ಕೊನೆಗೆ.

ಅಕ್ಕ


ಸೆಪ್ಟೆಂಬರ್ 6

ಅಕ್ಕ,

ಮೊದಲು ನನ್ನ ಸಮಾಚಾರ. ಇದ್ದೇನೆ.

ನೀನು ಹೋದ ಮೇಲೆ ಆಸ್ಪತ್ರೆಯಲ್ಲಿ ನಮ್ಮನ್ನು ಗುರುತು ಹಿಡಿಯದವರಿಲ್ಲ. ನೀನು ಪಿಸುಗುಟ್ಟುತ್ತಿದ್ದೇನೆ ಅಂದುಕೊಂಡು, "ಈ ಡಾಕ್ಟರಮ್ಮ ಪರವಾಗಿಲ್ಲ ಕಣೋ, ಮುಖ ನೋಡಿದ್ರೆ ನಂಬಬಹುದು" ಅಂದೆಯಲ್ಲ, ಅದು ಎದುರು ಸಾಲಿನ ವಾರ್ಡಿಗೂ ಕೇಳಿಸಿತಂತೆ. ನನ್ನ ಸಹಿಗೆ ಸಾಕ್ಷಿಯಾಗಿ ನೀನು ಸಹಿ ಹಾಕುವಾಗ ಕಾಗದ ಹರಿಯುವಷ್ಟು ಒತ್ತಿದ್ದೀಯ. ಡಾಕ್ಟರು ಅದನ್ನು ಬೆರಳಲ್ಲಿ ಸವರಿ ನೋಡಿದರು.

ಮೂರನೇ ಡ್ರಿಪ್ ಆಯಿತು. ಹಾಕುವಾಗ ಏನೂ ತಿಳಿಯುವುದಿಲ್ಲ. ನೀರಿನಂತಿದೆ. ಇಷ್ಟು ತೆಳ್ಳಗಿನದು ಒಳಗೆ ಹೋಗಿ ಯಾರನ್ನು ಎಬ್ಬಿಸುತ್ತದೋ ಅನ್ನಿಸುತ್ತದೆ. ಮನೆಗೆ ಬಂದು ಕೈಯಲ್ಲಿ ಕುತ್ತಿಗೆ ಒತ್ತಿ ನೋಡಿಕೊಳ್ಳುತ್ತೇನೆ, ಹೊಸದೇನಾದರೂ ಸಿಗುತ್ತದಾ ಅಂತ. ಆಮೇಲೆ ಹೊಟ್ಟೆಯ ಬಲಗಡೆ ಕೈ ಇಡುತ್ತೇನೆ. ಎರಡು ಕಡೆಯೂ ಕಿವಿ ಕೊಟ್ಟು ಕೂತ ಹಾಗಿದೆ ನನ್ನ ಸ್ಥಿತಿ. ಯಾವ ಬಾಗಿಲು ಮೊದಲು ಸದ್ದು ಮಾಡುತ್ತದೋ.

ಕೊನೆಗೆ ಅವಳದ್ದು. ಪಾದ ಊದಿದೆ. ಬೆಳಗ್ಗೆ ಚಪ್ಪಲಿ ಹಿಡಿಸಲಿಲ್ಲ. ಮೂತ್ರ ಕಡಿಮೆ. ನಾಳೆ ರಕ್ತ ಕೊಡಬೇಕು.

ನಿನಗೆ ಗೊತ್ತಾಗಲಿ ಎಂದು ಬರೆದೆ. ಡ್ರಿಪ್ ನಿಲ್ಲಿಸುವುದಿಲ್ಲ.

ನಿನ್ನ ತಮ್ಮ


ಸೆಪ್ಟೆಂಬರ್ 14

ತಮ್ಮಾ,

ನಿಲ್ಲಿಸಬೇಡ.

ನನಗೆ ಏನೂ ಅನ್ನಿಸುತ್ತಿಲ್ಲ. ಗುರುತಿನ ಮೇಲೆ ಕೈ ಇಟ್ಟುಕೊಂಡು ಕೂತಿದ್ದೇನೆ ಅಂದುಕೊಳ್ಳಬೇಡ. ಶೆಡ್ಡಿನಲ್ಲಿ ಕೈತುಂಬ ಕೆಲಸ. ವಿಚಾರಣೆಗೆ ಕರೆ ಬಂದಿದೆ, ಪಕ್ಕದ ಮಗ್ಗದವಳೂ ತನ್ನ ಕಿವಿಯ ಅರ್ಜಿ ಹಾಕಿದ್ದಾಳೆ, ಅವಳ ಹಿಂದೆ ಇಬ್ಬರು. ವಕೀಲನಿಗೆ ಇನ್ನು ಗಂಟಲು ಉಳಿಯುವುದಿಲ್ಲ.

ಉರುಳೆ ಎತ್ತುವುದು ಬಿಟ್ಟಿದ್ದೇನೆ. ಇಬ್ಬರು ಸೇರಿ ಎತ್ತಬೇಕೆಂದು ಈಗ ನಿಯಮ ಮಾಡಿಸಿದ್ದೇವೆ. ಮೊದಲೇ ಮಾಡಿಸಬೇಕಿತ್ತು.

ಎದೆಯ ಸ್ಕ್ಯಾನ್ ಯಾವಾಗ? ಅದನ್ನು ಯಾಕೆ ಬರೆದಿಲ್ಲ?

ಅಕ್ಕ


ನವೆಂಬರ್ 3

ಅಕ್ಕ,

ಮೊದಲು ನನ್ನ ಸಮಾಚಾರ.

ಅಕ್ಷರ ನೋಡಿ ಜ್ವರ ಅಂದುಕೊಳ್ಳಬೇಡ. ಡಯಾಲಿಸಿಸ್ ಕುರ್ಚಿಯಲ್ಲಿ ಕೂತು ಬರೆಯುತ್ತಿದ್ದೇನೆ. ಎಡಗೈಯಲ್ಲಿ ಸೂಜಿಗಳಿವೆ, ಅಲ್ಲಾಡಿಸುವಂತಿಲ್ಲ. ಹಾಳೆ ಹಿಡಿದುಕೊಳ್ಳಲು ಇನ್ನೊಂದು ಕೈ ಇಲ್ಲದೆ ಸಾಲು ಇಳಿಜಾರಿಗೆ ಬಿದ್ದಿದೆ. ಜೀವಮಾನವೆಲ್ಲ ನೆಟ್ಟಗೆ ಗೆರೆ ಎಳೆದವನ ಗತಿ ನೋಡು. ಪಕ್ಕದ ಕುರ್ಚಿಯಲ್ಲಿ ಮೇಷ್ಟ್ರೊಬ್ಬರಿದ್ದಾರೆ. ನನ್ನ ಅಕ್ಷರ ಇಣುಕಿ ನೋಡಿ, "ಸಾಲು ಬಿಟ್ಟು ಹೋಗ್ತಿದೆ" ಎಂದು ತಿದ್ದುತ್ತಾರೆ.

ಹೋದ ವಾರ ಎದೆಯ ಸ್ಕ್ಯಾನ್ ಆಯಿತು. ರಿಪೋರ್ಟ್ ಬರುವ ತನಕ ನಿನಗೆ ಬರೆಯಬಾರದೆಂದು ಕೂತಿದ್ದೆ. ನೀನು ಕಾಗದದ ದಾರಿ ಕಾಯುವುದು ಗೊತ್ತಿದ್ದೂ ಬರೆಯಲಿಲ್ಲ, ಅದಕ್ಕೆ ಬೈ. ಗಡ್ಡೆ ಡಾಕ್ಟರು ಹಳೆಯದು, ಹೊಸದು ಎರಡು ಚಿತ್ರವನ್ನೂ ದೀಪದ ಹಲಗೆಗೆ ಸಿಕ್ಕಿಸಿ, ಕನ್ನಡಕ ತೆಗೆದು ಒರೆಸಿದರು. ಮನೆಯವಳು ನನ್ನ ಅಂಗಿಯ ತೋಳು ಹಿಡಿದುಕೊಂಡಳು. ಕನ್ನಡಕ ಹಾಕಿಕೊಂಡು ಮತ್ತೆ ನೋಡಿದರು. "ಒಂದು ಕಾಣ್ತಿಲ್ಲ. ಇನ್ನೊಂದು ಇಷ್ಟೇ ಇಷ್ಟಾಗಿದೆ" ಎಂದು ಕಿರುಬೆರಳಿನ ಉಗುರು ತೋರಿಸಿದರು.

"ವಾಸಿಯಾಯ್ತಾ ಮೇಡಂ?" ಎಂದು ಮನೆಯವಳು ಕೇಳಿದಳು.

"ಆ ಮಾತು ನಾನು ಹೇಳಲ್ಲ. ಡ್ರಿಪ್ ಮುಂದುವರೀಲಿ. ಇನ್ನೊಂದು ಸ್ಕ್ಯಾನ್ ಮಾಡೋಣ, ಅದಾದ್ಮೇಲೆ ಇನ್ನೊಂದು."

ಅದಾದ ಮೇಲೆ ಇನ್ನೊಂದು ಅಂದರಲ್ಲ ಅಕ್ಕ. ಆ ಮಾತನ್ನು ಜೇಬಿನಲ್ಲಿ ಇಟ್ಟುಕೊಂಡು ಬಂದೆ.

ಹೊರಗೆ ಉದ್ದಣ್ಣ ಕಾಯುತ್ತಿದ್ದ. ಹೇಳಿದೆ. ಜೇಬಿನಿಂದ ಸೂಜಿ ತೆಗೆದು, ಆಸ್ಪತ್ರೆಯ ಕಸದ ಡಬ್ಬಿಗೆ ಹಾಕಿದ. ಈಗ ಗ್ಯಾಂಗಿನಲ್ಲಿ ಯಾರಿಗೆ ಏನು ಉಬ್ಬಿದರೂ ಸೂಜಿ ಇಲ್ಲ, ನೇರ ಡಾಕ್ಟರ ಹತ್ತಿರ. ಚಾವಣಿ ಗಾಡಿ ಓಡಾಡುತ್ತಿದೆ. ಗುತ್ತಿಗೆದಾರ ಮೊನ್ನೆ ತನ್ನ ಕಾರು ಬಿಸಿಲಿನಲ್ಲಿ ಕಾದಿತ್ತೆಂದು ಅದರ ಕೆಳಗೆ ಬಂದು ನಿಂತನಂತೆ. ಯಾರೂ ಮಾತಾಡಿಸಲಿಲ್ಲ. ನಿಂತೇ ಇದ್ದನಂತೆ.

ಕೊನೆಗೆ ಬಾಡಿಗೆಯವಳ ಸಮಾಚಾರ. ಇಷ್ಟು ಹೊತ್ತಿಗೆ ನಿನಗೆ ಗೊತ್ತಾಗಿರಬೇಕು. ಕೆಲಸ ನಿಲ್ಲಿಸಿದ್ದಾಳೆ. ಎಬ್ಬಿಸಿದ ಕಾವಲುಗಾರರು ಮೊದಲು ಅವಳ ಬಾಗಿಲಿಗೇ ಹೋದರು. ಉಳಿಸಲು ಏನೇನೋ ಮಾಡಿದರು, ಆಗಲಿಲ್ಲ. ಒಂದು ಸಂಜೆ ಅಡುಗೆಮನೆಯ ಮೂಲೆಯಲ್ಲಿ ಕೂತು ಅತ್ತೆ. ಇದನ್ನು ಮನೆಯವಳಿಗೂ ಹೇಳಿಲ್ಲ. ಈ ಸಾಲು ಓದಿ ನೀನೂ ಬೇಕಾದರೆ ಅಳು, ಏನೂ ಅನ್ನಿಸುತ್ತಿಲ್ಲ ಎಂದು ಮತ್ತೆ ಬರೆಯಬೇಡ. ನಿನ್ನ ಕಳೆದ ಕಾಗದದಲ್ಲಿ ಪೆನ್ನು ಎಷ್ಟು ಕಡೆ ಒತ್ತಿ ಹಿಡಿದಿದೆ ಎಂದು ನನಗೂ ಕಾಣುತ್ತದೆ.

"ತೆಗೆದುಬಿಡ್ಬೇಕಾ ಸಾರ್?" ಎಂದು ಕಿಡ್ನಿ ಡಾಕ್ಟರನ್ನು ಕೇಳಿದೆ. ತೊಂದರೆ ಕೊಡದಿದ್ದರೆ ತೆಗೆಯುವುದಿಲ್ಲವಂತೆ, ಅಲ್ಲೇ ಮುದುರಿಕೊಂಡು ಇರುತ್ತದಂತೆ. "ಕೆಲಸಕ್ಕೆ ಬರಲ್ಲ, ಇದ್ರೂ ಒಂದೇ ಇಲ್ದಿದ್ರೂ ಒಂದೇ. ನಿಮ್ಮಿಷ್ಟ" ಅಂದರು.

ಇರಲಿ ಅಂದೆ. ಒಂಬತ್ತು ವರ್ಷ ಒಂದು ಪಾಳಿ ತಪ್ಪಿಸದೆ ದುಡಿದವಳು. ಕೆಲಸ ನಿಂತ ದಿನವೇ ಹೊರಗೆ ಹಾಕೋಕೆ ನಾನೇನು ಗುತ್ತಿಗೆದಾರನಾ?

ನಿನ್ನ ತಮ್ಮ